ಏಳನೇ ಸುರುಳಿ

ಕಳೆದ ತಿಂಗಳು ಫ್ಲೋರಲ್ ಪಾರ್ಕ್‌ನಲ್ಲಿರುವ ನನ್ನ ಖಾಲಾ, ಅಂದರೆ ಚಿಕ್ಕಮ್ಮನ ಮಗಳು ಸಬೀಹಾಳ ಮನೆಗೆ ಹೋಗಿದ್ದೆ. ಹಿಲ್‌ಸೈಡ್ ಅವೆನ್ಯೂದ ಅಂಗಡಿಯಲ್ಲಿ ಇಬ್ಬರೂ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ಪಕ್ಕದ ಸಾಲಿನಲ್ಲಿ ಯಾರದೋ ಕೈ ಜಾರಿ ವಿನೆಗರ್ ಬಾಟಲಿ ಒಡೆಯಿತು. ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಸೊಪ್ಪಿನ ಕಟ್ಟು ಅಲ್ಲೇ ಬಿಟ್ಟು ಹೊರಗೆ ಓಡಿದೆ.

"ಏನಾಯ್ತೇ ತಸ್ನೀಮ್? ಮುಖ ಬಿಳಿಚಿಕೊಂಡಿದೆ. ಶುಗರ್ ಲೋ ಆಯ್ತಾ?" ಎಂದು ಸಬೀಹಾ ಹಿಂದೆಯೇ ಬಂದಳು.

"ಏನಿಲ್ಲ, ಸ್ವಲ್ಪ ಗಾಳಿ ಬೇಕಿತ್ತು" ಎಂದೆ. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು, ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿಗೆ ತುರುಕಿಕೊಂಡೆ. ವಿನೆಗರ್‌ಗೆ ಯಾರಾದರೂ ಹೆದರುತ್ತಾರೆಯೇ? ನಾನು ಹೆದರುತ್ತೇನೆ. ಒಂದು ಇಡೀ ಬೇಸಿಗೆ ಆ ವಾಸನೆಗೆ ಹೆದರಿ ಬದುಕಿದ್ದೇನೆ.

ಅದು ಕೆನಡಾದ ಕಾಡ್ಗಿಚ್ಚಿನ ಹೊಗೆ ಬಂದು ನ್ಯೂಜೆರ್ಸಿಯ ಆಕಾಶವೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದ ವರ್ಷ. ನಾನು ಕ್ರ್ಯಾನ್‌ಬರಿಯ ವೇರ್‌ಹೌಸುಗಳ ನಡುವೆ, ಹಳೆಯ ಟೇಪು ಫಿಲ್ಮುಗಳನ್ನು ತಣ್ಣಗೆ ಒಣಗಿದ ಹವೆಯಲ್ಲಿ ಕಾಪಾಡುವ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದೆ. ಹಾಳಾಗುತ್ತಿರುವ ಟೇಪುಗಳನ್ನು ಯಂತ್ರಕ್ಕೆ ಹಾಕಿ, ಅದರಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕಸುಬು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಅಬ್ಬಾ ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. "ನಾನು ಸ್ಕ್ರೂಡ್ರೈವರ್ ಹಿಡ್ಕೊಂಡು ಮಾಡಿದ್ದನ್ನ ನೀನು ಮಾಸ್ಟರ್ಸ್ ಮಾಡ್ಕೊಂಡು ಮಾಡ್ತಿದೀಯ" ಎಂದು ಈಗಲೂ ಛೇಡಿಸುತ್ತಾರೆ. ಹುಟ್ಟಿನಿಂದ ನಾನು ಪುಕ್ಕಲಿ. ಟೇಪಿನ ಕೆಲಸದಲ್ಲಿ ಮಾತ್ರ ನನಗೆ ಭಯವಿರಲಿಲ್ಲ.

ವಿಠಲ ಶೆಟ್ಟಿ ಅಂಕಲ್ ಸಿಕ್ಕಿದ್ದು ಆ ವರ್ಷದ ಯುಗಾದಿ ಊಟದಲ್ಲಿ. ಪುತ್ತೂರಿನ ಕಡೆಯವರು, ಎಪ್ಪತ್ತೈದರ ಆಸುಪಾಸು, ಹೆಂಡತಿ ತೀರಿಕೊಂಡ ಮೇಲೆ ಫೋರ್ಟ್ ಲೀಯ ಎತ್ತರದ ಕಟ್ಟಡವೊಂದರ ಹದಿನಾರನೇ ಮಹಡಿಯಲ್ಲಿ ಒಬ್ಬರೇ ಇದ್ದರು. ಹೋಳಿಗೆ ಬಡಿಸಿಕೊಳ್ಳುತ್ತಾ ನನ್ನ ಕೆಲಸ ಏನೆಂದು ಕೇಳಿದರು. ಹೇಳಿದೆ. ಅವರ ಕೈ ಹಾಗೇ ನಿಂತಿತು.

"ಹಾಗಾದ್ರೆ ನೀನು ಒಮ್ಮೆ ನಮ್ಮಲ್ಲಿಗೆ ಬರ್ಬೇಕು ಮಾರಾಯ್ತಿ. ನನ್ನ ಹತ್ರ ಒಂದು ಪೆಟ್ಟಿಗೆ ಉಂಟು."

ಪೆಟ್ಟಿಗೆಯಲ್ಲಿ ಹತ್ತೊಂಬತ್ತು ಟೇಪು ಸುರುಳಿಗಳಿದ್ದವು. ಅಂಕಲ್ ಪ್ರಾಯದಲ್ಲಿ ಟಾಂಜಾನಿಯಾದ ಡೊಡೊಮಾ ಹತ್ತಿರದ ಹಳ್ಳಿಶಾಲೆಯೊಂದರಲ್ಲಿ ಲೆಕ್ಕದ ಮೇಷ್ಟರಾಗಿದ್ದವರು. ವಾರದ ಕೊನೆಗೆ ಸೈಕಲ್ಲಿನ ಹಿಂದೆ ರೆಕಾರ್ಡರ್ ಕಟ್ಟಿಕೊಂಡು ಗೋಗೋ ಜನರ ಹಳ್ಳಿಗಳಿಗೆ ಹೋಗಿ ಹಾಡು ಹಿಡಿದು ತಂದಿದ್ದರು. ಒಂದೊಂದು ಡಬ್ಬಿಯ ಮೇಲೂ ಬೋರ್ಡಿನ ಮೇಲೆ ಬರೆದಂಥ ದುಂಡನೆಯ ಕನ್ನಡ ಅಕ್ಷರ. ಏಳನೆಯದರ ಮೇಲೆ "ಎಸ್ತೇರಿಯ ತಾಯಿ" ಎಂದಿತ್ತು.

"ಅಲ್ಲಿ ಡೋಲು ಬಾರಿಸುದು ಹೆಂಗಸರು. ಮೊಣಕಾಲಿನ ನಡುವೆ ಹಿಡ್ಕೊಂಡು ನಿಂತು ಬಾರಿಸುದು. ನಮ್ಮ ಚೆಂಡೆಯವರು ಎದ್ದು ನಿಂತು ಕೇಳ್ಬೇಕು, ಹಾಗೆ" ಎಂದರು ಅಂಕಲ್. ಎಸ್ತೇರಿಯ ತಾಯಿ ಮುಂದೆ ನಿಂತು ಸೊಲ್ಲು ಎತ್ತಿಕೊಡುವವಳು, ಉಳಿದ ಹೆಂಗಸರು ತಿರುಗಿ ಹೇಳುವವರು. ಅವಳು ಸಾಲುಗಳನ್ನು ನಿಂತ ನಿಲುವಿನಲ್ಲೇ ಕಟ್ಟುತ್ತಿದ್ದಳು. ಹಾಗಾಗಿ ಅವು ಇನ್ನೊಬ್ಬರ ಬಾಯಲ್ಲಿ ಉಳಿದಿರಲಿಲ್ಲ. "ಇದರ ಒಂದು ಕಾಪಿ ಮಾಡಿ ತಂದು ಕೊಡ್ತೇನೆ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ನಾನು ಊರು ಬಿಟ್ಟ ಮರುವರ್ಷವೇ ಅವಳು ಹೋದಳಂತೆ. ಅವಳ ದನಿ ಅಂತ ಭೂಮಿಯ ಮೇಲೆ ಇರುದು ಇದೊಂದೇ."

ಮಗಳು ಎಸ್ತೇರಿ ಇನ್ನೂ ಇದ್ದಳು. ಅರವತ್ತು ದಾಟಿತ್ತು, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು. ಅವಳ ಮಗಳು ರೆಹೇಮಾ ಅಲ್ಲಿಯೇ ಟೀಚರ್. ಅಂಕಲ್ ಅವಳನ್ನು ವಾಟ್ಸಾಪಿನಲ್ಲಿ ಹೇಗೋ ಹುಡುಕಿದ್ದರು. ಎದೆಗೆ ಆಗಷ್ಟೇ ಸ್ಟೆಂಟ್ ಹಾಕಿದ್ದರಿಂದ ಅಂಕಲ್ ವಿಮಾನ ಹತ್ತುವಂತಿರಲಿಲ್ಲ. ಮಾತು ಮಾತಿನಲ್ಲೇ ತೀರ್ಮಾನವಾಯಿತು: ಹತ್ತೊಂಬತ್ತನ್ನೂ ನಾನು ಕಂಪ್ಯೂಟರಿಗೆ ಇಳಿಸುವುದು, ಜೂನ್ ಕೊನೆಯಲ್ಲಿ ರಜೆ ಹಾಕಿ ಆ ಹಳ್ಳಿಗೆ ಹೋಗಿ ಅವರ ಹಾಡು ಅವರಿಗೆ ಮುಟ್ಟಿಸುವುದು, ಈಗ ಹಾಡುವವರನ್ನು ಹೊಸದಾಗಿ ರೆಕಾರ್ಡ್ ಮಾಡಿಕೊಂಡು ಬರುವುದು. ನಾನು ಖುಷಿಯಿಂದಲೇ ಒಪ್ಪಿಕೊಂಡೆ.

ಇಲ್ಲಿ ನನ್ನ ಕಸುಬಿನ ಒಂದು ವಿಷಯ ಹೇಳಬೇಕು. ಆ ಕಾಲದ ಕೆಲವು ಟೇಪುಗಳ ಅಂಟು ವರ್ಷಗಳು ಕಳೆದಂತೆ ತೇವ ಹೀರಿಕೊಂಡು ಜಿಗುಟಾಗುತ್ತದೆ. ಯಂತ್ರಕ್ಕೆ ಹಾಕಿದರೆ ಕಿರುಚುತ್ತದೆ, ಸುಲಿದುಹೋಗುತ್ತದೆ. ಅದಕ್ಕೆ ಮದ್ದು ಬಿಸಿ. ಹಣ್ಣು ಒಣಗಿಸುವ ಡೀಹೈಡ್ರೇಟರಿನಲ್ಲಿ ಸಣ್ಣ ಶಾಖಕ್ಕೆ ಎಂಟು ಗಂಟೆ ಇಟ್ಟರೆ ಕೆಲವು ವಾರಗಳ ಮಟ್ಟಿಗೆ ಟೇಪು ಬದುಕಿಕೊಳ್ಳುತ್ತದೆ. ಆದರೆ ಅದಕ್ಕೂ ಹಳೆಯ ಇನ್ನೊಂದು ಜಾತಿಯ ಟೇಪುಂಟು. ಅದಕ್ಕೆ ಬಿಸಿ ತಗುಲಿದರೆ ಮುಗಿಯಿತು. ಎರಡನ್ನೂ ಗುರುತಿಸುವುದು ಸುಲಭ. ಬೆಳಕಿಗೆ ಹಿಡಿದರೆ ಹಳೆಯದರ ಮೂಲಕ ಬೆಳಕು ಹಾಯುತ್ತದೆ, ಇನ್ನೊಂದರಲ್ಲಿ ಹಾಯುವುದಿಲ್ಲ. ಸುರುಳಿಯ ಹೊರತುದಿ, ಒಳತುದಿ ಎರಡನ್ನೂ ನೋಡಬೇಕು. ಮೊದಲ ಪಾಠವೇ ಅದು.

ಹದಿನೆಂಟು ಸುರುಳಿಗಳಲ್ಲಿ ನಾನು ಎರಡು ತುದಿಯನ್ನೂ ನೋಡಿದೆ. ಏಳನೆಯದನ್ನು ಕೊನೆಗೆ ಎತ್ತಿಟ್ಟುಕೊಂಡಿದ್ದೆ. ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಅದರ ಹೊರತುದಿಯನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದಾಗ ಅಂಕಲ್ ಫೋನ್ ಬಂತು.

"ಏಳನೇದು ಇವತ್ತಾ?"

"ಇವತ್ತೇ ಅಂಕಲ್. ಈಗ ಒಳಗೆ ಇಡ್ತಿದೀನಿ."

"ಜಾಗ್ರತೆ ಮಗಾ."

"ನೀವು ಟೆನ್ಷನ್ ತಗೋಬೇಡಿ, ಹದಿನೆಂಟು ಮಾಡಿಲ್ವಾ" ಎಂದು, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡೇ ಸುರುಳಿಯನ್ನು ಒಳಗಿಟ್ಟು ಸ್ವಿಚ್ ಒತ್ತಿದೆ.

ಸಂಜೆ ಮುಚ್ಚಳ ತೆಗೆದಾಗ ವಿನೆಗರ್ ವಾಸನೆ ಮುಖಕ್ಕೆ ರಾಚಿತು. ಹಳೆಯ ಜಾತಿಯ ಟೇಪು ಸಾಯುವಾಗ ಬಿಡುವ ವಾಸನೆ ಅದು. ಸುರುಳಿಯ ಹೊರಗಿನ ಭಾಗ ಚೆನ್ನಾಗಿಯೇ ಇತ್ತು, ಒಳಗಿನ ಭಾಗ ಮಾತ್ರ ಹಪ್ಪಳದ ಅಂಚಿನಂತೆ ಸುಕ್ಕಾಗಿ ಮೇಲೆದ್ದಿತ್ತು. ಎರಡು ಜಾತಿಯ ತುಂಡುಗಳನ್ನು ಜೋಡಿಸಿದ ಸುರುಳಿ ಅದು. ಯಂತ್ರಕ್ಕೆ ಹಾಕಿದೆ. ಸುಮಾರು ಎರಡು ನಿಮಿಷ ಡೋಲು, ಹೆಂಗಸರ ನಗು, ಮತ್ತೆ ಡೋಲು. ಆಮೇಲೆ ಒಂದು ದನಿ ಎದ್ದಿತು. ಒರಟು, ಅಗಲ, ಬಯಲಿನಲ್ಲಿ ಹಾಡಿ ಅಭ್ಯಾಸವಿರುವವಳ ದನಿ. ಒಂದು ಸಾಲು ಎತ್ತಿಕೊಟ್ಟಳು. ಅಷ್ಟರಲ್ಲಿ ಜೋಡಣೆ ದಾಟಿತು, ಸುಕ್ಕಾದ ಟೇಪು ಎರಡು ಕಡೆ ತುಂಡಾಗಿ ನನ್ನ ಮಡಿಲಿಗೆ ಬಿತ್ತು.

ಕೂಗಿ ಅಳಲೂ ಭಯ, ಪಕ್ಕದ ರೂಮಿನ ಹುಡುಗಿ ಕೇಳಿದರೆ ಏನು ಹೇಳಲಿ? ಮರುದಿನ ಈ ಕೆಲಸದಲ್ಲಿ ನನಗಿಂತ ಪಳಗಿದ ಒಬ್ಬರಿಗೆ, ಯಾರದೋ ಟೇಪು ಎಂಬಂತೆ ವಿಚಾರಿಸಿದೆ. "ಬಿಟ್ಟುಬಿಡು, ಇನ್ನು ಮುಟ್ಟಬೇಡ" ಎಂದರು. ಅದನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಚಳಿಗಾಲದ ಬಟ್ಟೆಗಳ ಕೆಳಗೆ ಬಚ್ಚಿಟ್ಟೆ.

ಅಲ್ಲಿಂದ ಶುರುವಾಯಿತು ನನ್ನ ಕಳ್ಳ ಬಾಳು. ಅಂಕಲ್ ದಿನಾ ಫೋನ್ ಮಾಡುವರು, ನಾನು ದಿನಾ ಒಂದು ಸುಳ್ಳು ಹೊಸೆಯುವೆ. ಮೆಷಿನ್ ಸರ್ವಿಸಿಗೆ ಹೋಗಿದೆ ಅಂಕಲ್. ಕ್ಲೀನ್ ಮಾಡ್ತಿದೀನಿ ಅಂಕಲ್. ಬಂದ ಮೇಲೆ ಎಲ್ಲ ಒಟ್ಟಿಗೆ ಕೇಳಿಸ್ತೀನಿ ಅಂಕಲ್. ಅವರು ಒಂದನ್ನೂ ಅನುಮಾನಿಸಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸುತ್ತಿತ್ತು. ಶನಿವಾರ ಟರ್ನ್‌ಪೈಕ್‌ನಲ್ಲಿ ಫೋರ್ಟ್ ಲೀಗೆ ಡ್ರೈವ್ ಮಾಡುವಾಗ, ಸೇತುವೆಯ ಗೋಪುರ ಕಣ್ಣಿಗೆ ಬಿದ್ದ ಕೂಡಲೇ ಕಾರಿನ ವೇಗ ತಾನಾಗಿ ಇಳಿಯುತ್ತಿತ್ತು. ಅವರ ಮನೆಯಲ್ಲಿ ಕೂತಿದ್ದಾಗ ಟಿವಿಯಲ್ಲಿ ಯಾರೋ ಯಾವುದೋ ಕಳ್ಳತನದ ಸುದ್ದಿ ಓದಿದರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನು ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದೆ.

ಜೂನ್ ಮೊದಲಲ್ಲಿ ಹೊಗೆ ಬಂತು. ಮಧ್ಯಾಹ್ನ ಎರಡಕ್ಕೆ ಕಾರುಗಳೆಲ್ಲ ಹೆಡ್‌ಲೈಟ್ ಹಾಕಿಕೊಂಡು ಓಡಾಡಿದವು. ಹದಿನಾರನೇ ಮಹಡಿಯ ಕಿಟಕಿಯಿಂದ ಹಡ್ಸನ್ ನದಿಯೂ ಇಲ್ಲ, ಮ್ಯಾನ್‌ಹಟನ್ನೂ ಇಲ್ಲ. ಅಂಕಲ್ ಕಿಟಕಿಗಳ ಸಂದಿಗೆ ಒದ್ದೆ ಟವೆಲ್ ಒತ್ತುತ್ತಾ, "ಏಳನೇದು ನಿನ್ನ ಹತ್ರವೇ ಉಂಟಲ್ಲ? ಅಲ್ಲಿ ಈ ಹೊಗೆ ಹೋಗುದಿಲ್ಲಲ್ಲ?" ಎಂದರು. ಸ್ವಂತ ಉಸಿರು ಕಟ್ಟುತ್ತಿರುವ ಮನುಷ್ಯ ಸುರುಳಿಯ ಚಿಂತೆ ಮಾಡುತ್ತಿದ್ದರು. ಈಗಲೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಕೆಮ್ಮು ಬಂತು. ನಿಜವಾದ ಕೆಮ್ಮೇ, ಆದರೆ ಬೇಕಾದ್ದಕ್ಕಿಂತ ಎರಡು ಸಲ ಹೆಚ್ಚು ಕೆಮ್ಮಿದೆ. ನೀರು ತಂದುಕೊಟ್ಟರು, ಮಾತು ಅಲ್ಲಿಗೇ ಮುಗಿಯಿತು.

ಹೊರಡುವ ಮೊದಲು, ಉಳಿದ ಆ ಎರಡು ನಿಮಿಷವನ್ನು ಕಂಪ್ಯೂಟರಿನಲ್ಲಿ ಒಪ್ಪ ಮಾಡಿದೆ. ಕೊನೆಯಲ್ಲಿ ಟೇಪು ಹರಿಯುವಾಗಿನ ಒಂದು ಚೂರು ಗಲಿಬಿಲಿ ಸದ್ದಿತ್ತು. ಅದನ್ನು ತೆಗೆದು, ತಾಯಿಯ ಸಾಲು ಮೆಲ್ಲಗೆ ಕರಗುವಂತೆ ಮಾಡಿದೆ. ಕತ್ತರಿಸಿದ ಗುರುತು ಯಾರಿಗೂ ತಿಳಿಯಬಾರದಿತ್ತು.

ಹಳ್ಳಿ ತಲುಪಿದಾಗ ಅಲ್ಲಿ ಜೋಳದ ಕೊಯ್ಲು ಮುಗಿದಿತ್ತು. ಒಣ ಗಾಳಿ, ಕೆಂಪು ಧೂಳು, ದಪ್ಪ ಹೊಟ್ಟೆಯ ಬಾವೊಬಾಬ್ ಮರಗಳು. ಕೊಯ್ಲಾದ ಮೇಲಿನ ವಾರಗಳು ಅವರಿಗೆ ಹಾಡು ಕುಣಿತದ ಕಾಲ. ಹತ್ತು ದಿನ ನಾನು ಮೈಕ್ ಹಿಡಿದು ಮನೆಯಿಂದ ಮನೆಗೆ ತಿರುಗಿದೆ. ಹಗಲು ಕೆಲಸವಿದ್ದಷ್ಟು ಹೊತ್ತು ಸರಿ. ಬಾರಿಸುವ ಮುಂಚೆ ಹೆಂಗಸರು ಹುಲ್ಲಿಗೆ ಬೆಂಕಿ ಹಾಕಿ ಡೋಲಿನ ಚರ್ಮವನ್ನು ಕಾಯಿಸುವರು. ಬಿಸಿ ತಾಗಿ ಚರ್ಮ ಬಿಗಿಯಾಗಿ ನಾದ ಏರುವುದು. ಬೆರಳಲ್ಲಿ ತಟ್ಟಿ, ಸಾಕು ಎನಿಸಿದ ಕ್ಷಣಕ್ಕೆ ಸರಿಯಾಗಿ ಹಿಂದಕ್ಕೆಳೆಯುವರು. ಎಷ್ಟು ಬಿಸಿ ಎಂಬುದು ಅವರ ಬೆರಳಿಗೆ ಗೊತ್ತಿತ್ತು. ನನಗೆ ಆ ಬೆಂಕಿಯ ಹತ್ತಿರ ನಿಲ್ಲಲು ಆಗುತ್ತಿರಲಿಲ್ಲ.

ಎಸ್ತೇರಿ ಮನೆಯ ಮುಂದೆ ಗೋಣಿ ಹಾಸಿಕೊಂಡು ಕೂತು ಕಾಯುತ್ತಿದ್ದಳು. ಹದಿನೆಂಟು ಸುರುಳಿಗಳ ಹಾಡುಗಳನ್ನೂ ಊರವರ ಜೊತೆ ಕೇಳಿದಳು. ಸತ್ತವರ ದನಿ ಕೇಳಿ ಜನ ಹೆಸರು ಹಿಡಿದು ಕೂಗಿದರು, ನಕ್ಕರು, ಅತ್ತರು. ಅವಳು ಮಾತ್ರ ಪ್ರತಿ ಹಾಡು ಮುಗಿದಾಗಲೂ ಮುಖ ಎತ್ತಿ ನನ್ನ ಕಡೆ ತಿರುಗಿಸುವಳು. ಕಣ್ಣು ಮಂಜಾದವಳ ಆ ನೋಟ ತಪ್ಪಿಸಿಕೊಳ್ಳಲು ನಾನು ಕೇಬಲ್ಲು ಸುತ್ತುತ್ತಾ ಕೂರುವೆ. ಎಂಟನೇ ದಿನ ಮಧ್ಯಾಹ್ನ ಅವಳೇ ಕೇಳಿದಳು. ರೆಹೇಮಾ ಇಂಗ್ಲಿಷಿನಲ್ಲಿ ಹೇಳಿದಳು: "ತನ್ನ ಅಮ್ಮನದು ಯಾವಾಗ ಅಂತ ಕೇಳ್ತಿದ್ದಾಳೆ."

ಇನ್ನು ಓಡಲು ಜಾಗವಿರಲಿಲ್ಲ. ಹೇಳಿದೆ. ನನ್ನ ಕೈಯಲ್ಲೇ ಹಾಳಾಯಿತು, ನೋಡಬೇಕಾದ್ದನ್ನು ನೋಡದೆ ಬಿಸಿಗೆ ಇಟ್ಟೆ, ಎರಡು ನಿಮಿಷ ಉಳಿದಿದೆ, ಅದರಲ್ಲಿ ತಾಯಿಯ ಸಾಲು ಒಂದೇ ಒಂದು. ರೆಹೇಮಾ ನನ್ನನ್ನು ನೋಡಿದಳು. "ಇದನ್ನು ನಾನು ಅವಳಿಗೆ ಹೇಳಬೇಕಾ?" ಎಂದು ಸಣ್ಣ ದನಿಯಲ್ಲಿ ಕೇಳಿದಳು. ತಲೆ ಆಡಿಸಿದೆ. ಅವಳು ಹೇಳಿದಳು. ಎಸ್ತೇರಿ ಬಹಳ ಹೊತ್ತು ಗೋಣಿಯ ನೂಲು ಎಳೆಯುತ್ತಾ ಇದ್ದಳು. ಕೊನೆಗೆ ಕೈ ಚಾಚಿದಳು. ಉಳಿದದ್ದನ್ನು ಕೊಡು ಎಂದು.

ಹೆಡ್‌ಫೋನ್ ಹಾಕಿದೆ. ಡೋಲು ಶುರುವಾದಾಗ ಅವಳ ಮೊಣಕಾಲು ಅಲುಗಿತು. ಎರಡು ನಿಮಿಷ ಕಳೆಯಿತು. ಇದ್ದಕ್ಕಿದ್ದಂತೆ ಎಸ್ತೇರಿ ಬಾಯಿ ತೆರೆದು ಗಟ್ಟಿಯಾಗಿ ಹಾಡಿದಳು. ತಾಯಿ ಎತ್ತಿಕೊಟ್ಟ ಸಾಲಿಗೆ ತಿರುಗಿ ಹೇಳುವ ಸೊಲ್ಲು ಅದು. ನಮಗೆ ಕೇಳಿದ್ದು ಉತ್ತರ ಮಾತ್ರ. ಇನ್ನೊಮ್ಮೆ ಎಂದು ಬೆರಳಾಡಿಸಿದಳು. ಆ ಒಂದು ಸಾಲನ್ನೇ ಮತ್ತೆ ಹಾಕಿದೆ. ಮತ್ತೆ ಉತ್ತರ ಕೊಟ್ಟಳು. ಮತ್ತೆ, ಮತ್ತೆ. ಕೋಳಿಗಳು ಅವಳ ಸುತ್ತ ಓಡಾಡುತ್ತಿದ್ದವು, ರೆಹೇಮಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಬೆಳಿಗ್ಗೆ ಬೇರೆ ಕೆಲಸಕ್ಕೆಂದು ಆನ್ ಮಾಡಿದ ನನ್ನ ಮೈಕ್ ಹಾಗೇ ಓಡುತ್ತಿತ್ತು ಎಂಬುದು ಸಂಜೆಯಷ್ಟೇ ಗೊತ್ತಾದದ್ದು.

ಅಲ್ಲಿ ಹೇಳಿದ ಮೇಲೆ ಇಲ್ಲಿ ಸುಲಭವಾಗಬೇಕಿತ್ತು, ಆಗಲಿಲ್ಲ. ಜುಲೈನ ಸೆಕೆಯಲ್ಲಿ ಫೋರ್ಟ್ ಲೀಯ ಲಿಫ್ಟಿನಲ್ಲಿ ಹದಿನಾರರ ಬಟನ್ ಒತ್ತಲು ಎರಡು ಸಲ ಕೈ ಎತ್ತಿ ಇಳಿಸಿದೆ. ಹಾಳಾದ ಸುರುಳಿಯನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅಂಕಲ್ ಡಬ್ಬಿ ತೆರೆದರು, ಮೂಸಿದರು, ಮುಚ್ಚಿದರು.

"ಮೇ ತಿಂಗಳಲ್ಲಿ ಆದದ್ದು?"

"ಹೌದು ಅಂಕಲ್."

"ಎರಡು ತಿಂಗಳು ನನ್ನ ಎದುರು ಕೂತು ಚಾ ಕುಡ್ದದ್ದು ನೀನು."

ಅವರು ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಆಯ್ತು. ಈಗ ಹೋಗು."

ಹೋದೆ. ಹನ್ನೊಂದು ದಿನ ಅವರ ಫೋನಿಲ್ಲ. ನಾನಾಗಿ ಮಾಡಲು ಧೈರ್ಯ ಸಾಲದು. ಸ್ಟೆಂಟ್ ಹಾಕಿದ ಎದೆ, ಒಂಟಿ ಮನೆ. ಏನಾದರೂ ಆಗಿದ್ದರೆ ಕಾರಣ ನಾನೇ ಎಂಬ ಭಯದಲ್ಲಿ, ಆಫೀಸಿನಲ್ಲಿ ಫೋನ್ ಮಿನುಗಿದಾಗೆಲ್ಲ ಕುರ್ಚಿಯಿಂದ ಹಾರಿ ಬೀಳುತ್ತಿದ್ದೆ. ಹನ್ನೆರಡನೇ ದಿನ ಬಂತು. ಹಲೋ ಕೂಡ ಇಲ್ಲ.

"ಆ ತುಂಡು ಜೋಡಿಸಿದ್ದು ನಾನು. ಆಗ ಅಲ್ಲಿ ಸಾಬೂನಿಗೂ ಕ್ಯೂ. ಟೇಪು ಎಲ್ಲಿಂದ ಬರ್ಬೇಕು? ಚರ್ಚ್ ಮಿಷನ್ನಿನವರು ಬಿಸಾಡಿದ ಹಳೇ ತುಂಡು ತಂದು ಅಂಟಿಸಿದ್ದು. ನಿನಗೆ ಹೇಳ್ಬೇಕಿತ್ತು, ಮರ್ತೇ ಹೋಗಿತ್ತು. ಶನಿವಾರ ಬಾ. ಅವಳು ಹಾಡಿದ್ದು ತಾ. ಏಳನೇದರಲ್ಲಿ ಉಳಿದದ್ದೂ ತಾ, ಟೇಪಿನಿಂದ ಬಂದ ಹಾಗೇ, ನಿನ್ನ ಪಾಲಿಷ್ ಗಿಲಿಷ್ ಬೇಡ."

ಶನಿವಾರ ಮೊದಲು ಎಸ್ತೇರಿಯ ಉತ್ತರಗಳನ್ನು ಕೇಳಿಸಿದೆ. ಎರಡು ಉತ್ತರಗಳ ನಡುವೆ ಗಾಳಿ, ಕೋಳಿಯ ಕೊಕ್ಕೊ, ಅಷ್ಟೇ. ಅಂಕಲ್ ಕಣ್ಣು ಮುಚ್ಚಿ ಕೂತಿದ್ದರು. ಆ ಖಾಲಿಯಲ್ಲಿ ಅವರ ತುಟಿ ಅಲುಗುವುದು ಕಂಡೆ. ಪ್ರಾಯದಲ್ಲಿ ಎಷ್ಟೋ ಸಲ ಕೇಳಿದ್ದ ತಾಯಿಯ ಸಾಲನ್ನು ಅವರು ಒಳಗೇ ಹೇಳಿಕೊಳ್ಳುತ್ತಿದ್ದರು.

"ನೋಡು, ಅಮ್ಮ ಇನ್ನೂ ಮುಗಿಸ್ಲಿಲ್ಲ, ಇವಳು ಶುರು ಮಾಡಿದ್ಳು. ಆಗ್ಲೂ ಹೀಗೇ. ಎಲ್ರಿಗಿಂತ ಮೊದ್ಲು ಇವಳದ್ದೇ ಸ್ವರ. ಪಾಪ, ಬೈಸಿಕೊಳ್ಳುದು." ಒಂದು ನಗು ಬಂದು ಹೋಯಿತು. "ಈಗ ಅದನ್ನು ಹಾಕು."

ಒಪ್ಪ ಮಾಡದ ಫೈಲ್ ಹಾಕಿದೆ. ಡೋಲು, ನಗು, ಡೋಲು, ತಾಯಿಯ ಸಾಲು. ಸಾಲು ಮುಗಿಯುವ ಹೊತ್ತಿಗೆ, ನಾನು ಗಲಿಬಿಲಿ ಎಂದುಕೊಂಡು ತೆಗೆದಿದ್ದ ಆ ಚೂರು. ಅಂಕಲ್ ಕೈ ಎತ್ತಿದರು.

"ಪುನಃ."

ಪುನಃ ಹಾಕಿದೆ. ಈ ಸಲ ನನಗೂ ಕೇಳಿತು. ತಾಯಿಯ ಕೊನೆಯ ಅಕ್ಷರದ ಮೇಲೆಯೇ ಸಣ್ಣ, ಚೂಪಾದ ಒಂದು ಹುಡುಗಿಯ ದನಿ ಹತ್ತಿಕೊಂಡು ಬರುತ್ತದೆ. ಅರ್ಧ ಸೆಕೆಂಡೂ ಇಲ್ಲ. ಅಷ್ಟಕ್ಕೆ ಟೇಪು ಹರಿಯುತ್ತದೆ.

"ಇದು ಎಸ್ತೇರಿ" ಎಂದರು ಅಂಕಲ್. "ಅಮ್ಮನೂ ಮಗಳೂ ಒಟ್ಟಿಗೆ ಉಳ್ದದ್ದು ಇಷ್ಟೇ ಜಾಗದಲ್ಲಿ. ನೀನು ತೆಗ್ದದ್ದೂ ಅದನ್ನೇ."

ಅವರ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದು ಆ ಫೈಲನ್ನು ರೆಹೇಮಾಳಿಗೆ ಕಳಿಸಿದೆ. ನಾನು ಏನು ಕತ್ತರಿಸಿದ್ದೆ, ಯಾಕೆ ಕತ್ತರಿಸಿದ್ದೆ ಎಂದು ಬರೆದೆ. ಕೊನೆಯಲ್ಲಿ ಬರುವ ದನಿ ಯಾರದೆಂದೂ ಬರೆದೆ. ಉತ್ತರ ಎರಡು ದಿನ ಬರಲಿಲ್ಲ, ಆ ಎರಡು ದಿನವೂ ನಾನು ಹೆದರಿದೆ.

ಮೂರನೇ ದಿನ ಬಂತು. ಅಮ್ಮ ದಿನವಿಡೀ ಅದನ್ನೇ ಕೇಳುತ್ತಿದ್ದಾಳೆ ಎಂದು ಬರೆದಿದ್ದಳು ರೆಹೇಮಾ. ಪ್ರತಿ ಸಲವೂ ಕೊನೆಗೆ ಸಿಡುಕುತ್ತಾಳಂತೆ: ಯಾರಿದು ಈ ಹುಡುಗಿ, ನನ್ನ ಅಮ್ಮನನ್ನು ಹಾಡಿ ಮುಗಿಸಲೂ ಬಿಡುವುದಿಲ್ಲವಲ್ಲ!

ಅದು ನೀನೇ ಎಂದು ಅವಳಿಗೆ ಹೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ ಎಂದು ಕೆಳಗೆ ಬರೆದಿದ್ದಳು.